ಅಕ್ಷರರೂಪ ಮತ್ತು ಕರ್ನೆಲ್: ಒಂದು ಸ್ಮೃತಿದೋಷದ ವಿವೇಚನೆ

ಕನ್ನಡ ಅಧ್ಯಯನ ವಲಯದಲ್ಲಿ ಫಾಂಟ್ ಕುರಿತ ಚರ್ಚೆಯು ಬಹುಮಟ್ಟಿಗೆ ಸಂಕೇತ ವ್ಯವಸ್ಥೆ, ಒತ್ತಕ್ಷರಗಳ ಸ್ವರೂಪ, ಕೀಲಿಮಣೆಯ ವಿನ್ಯಾಸ ಇವುಗಳಿಗೆ ಸೀಮಿತವಾಗಿ ನಡೆದುಬಂದಿದೆ. ಫಾಂಟ್ ಎಂಬುದು ಅಕ್ಷರಗಳ ಚಿತ್ರಸಂಪುಟ ಎಂಬುದೇ ನಮ್ಮ ಸಾಮಾನ್ಯ ಗ್ರಹಿಕೆ. ಯೂನಿಕೋಡ್ ರೂಢಿಗೆ ಬರುವ ಮುನ್ನ ಲೇಖನದೊಡನೆ ಅದರ ಫಾಂಟನ್ನೂ ಫ್ಲಾಪಿಯಲ್ಲಿ ಹಾಕಿ ಕಳಿಸುತ್ತಿದ್ದ ನಾವು ಅದನ್ನು ಶಂಕಿಸಿದವರಲ್ಲ. 2011ರ ‘ಡುಕ್ಯೂ’ ಪ್ರಕರಣವು ಈ ಗ್ರಹಿಕೆಯನ್ನು ಮರುಪರಿಶೀಲಿಸುವಂತೆ ಮಾಡುತ್ತದೆ.

ಟ್ರೂಟೈಪ್ ಫಾಂಟಿನಲ್ಲಿ ಅಕ್ಷರಗಳ ಹೊರರೇಖೆಗಳಷ್ಟೇ ಅಲ್ಲದೆ, ಸಣ್ಣ ಗಾತ್ರದಲ್ಲಿ ಆ ರೇಖೆಗಳನ್ನು ಪರದೆಯ ಚುಕ್ಕೆಗಳಿಗೆ ಹೊಂದಿಸುವ ಆಜ್ಞೆಗಳೂ ಇರುತ್ತವೆ. ಅಂದರೆ ಫಾಂಟ್ ಒಂದು ಕಿರು ಕ್ರಮವಿಧಿ. ಅದನ್ನು ಓದಿ ನಡೆಸಲು ಒಬ್ಬ ವ್ಯಾಖ್ಯಾನಕಾರ ಬೇಕು. ಈ ವ್ಯಾಖ್ಯಾನಕಾರ ಎಲ್ಲಿ ಕುಳಿತಿದ್ದ ಎಂಬುದೇ ಸಮಸ್ಯೆಯ ಮೂಲ. 1996ರ ವಿಂಡೋಸ್ ಎನ್‌ಟಿ 4.0 ಆವೃತ್ತಿಯಲ್ಲಿ ವೇಗದ ದೃಷ್ಟಿಯಿಂದ ಚಿತ್ರಣ ವ್ಯವಸ್ಥೆಯನ್ನು ಕರ್ನೆಲ್‌ನೊಳಕ್ಕೆ ಸ್ಥಳಾಂತರಿಸಲಾಯಿತು. ಕರ್ನೆಲ್ ಎಂಬುದು ಕಾರ್ಯಾಚರಣ ವ್ಯವಸ್ಥೆಯ ಗರ್ಭಗುಡಿ. ಸ್ಮೃತಿ, ಡಿಸ್ಕ್, ಬಳಕೆದಾರರ ಅಧಿಕಾರ ಎಲ್ಲವೂ ಅದರ ಅಧೀನ. ಅದರ ತಪ್ಪನ್ನು ತಡೆಯಲು ಮೇಲೆ ಬೇರೆ ಅಧಿಕಾರಿಯಿಲ್ಲ. ಹೊರಗಿನಿಂದ ಬಂದ ಅಪರಿಚಿತ ಕಡತವನ್ನು ಗರ್ಭಗುಡಿಯೊಳಗೇ ಬಿಚ್ಚಿ ಓದುವ ಏರ್ಪಾಡು ಹೀಗೆ ಉಂಟಾಯಿತು.

ಇಂಥ ವ್ಯವಸ್ಥೆಗಳನ್ನು ಬರೆಯಲು ಬಳಸಿದ ಸಿ ಮತ್ತು ಸಿ++ ಭಾಷೆಗಳಲ್ಲಿ, ಸ್ಮೃತಿಯಲ್ಲಿ ಕಾದಿರಿಸಿದ ಜಾಗದ ಎಲ್ಲೆಯನ್ನು ಪಾಲಿಸುವ ಹೊಣೆ ಭಾಷೆಯದಲ್ಲ, ಬರೆಯುವವನದು. ಓಲೆಗರಿಯ ಅಂಚು ಮುಗಿದರೆ ಲಿಪಿಕಾರನ ಕೈ ತಾನೇ ನಿಲ್ಲುತ್ತದೆ. ಇಲ್ಲಿ ಅಂಚಿನಾಚೆಗೂ ಗರಿಯೇ ಇದೆ, ಆದರೆ ಅದು ಬೇರೊಂದು ಕೃತಿಯದು. ಕೈ ನಿಲ್ಲದೆ ಮುಂದುವರಿದರೆ ಆ ಕೃತಿಯ ಪಾಠವೇ ಬದಲಾಗುತ್ತದೆ. ಇದನ್ನೇ ಸ್ಮೃತಿ ಸುರಕ್ಷತೆಯ ದೋಷವೆನ್ನುತ್ತಾರೆ.

ಡುಕ್ಯೂ ಕುತಂತ್ರಾಂಶವನ್ನು ಬುಡಾಪೆಸ್ಟಿನ ಕ್ರೈಸಿಸ್ ಪ್ರಯೋಗಾಲಯ ಗುರುತಿಸಿತು. ಅದು ಸೃಷ್ಟಿಸುತ್ತಿದ್ದ ಕಡತಗಳ ಹೆಸರಿನ ‘ಡಿಕ್ಯೂ’ ಎಂಬ ಅಕ್ಷರಗಳಿಂದಲೇ ಈ ಹೆಸರು ಬಂದುದು. ವರ್ಡ್ ದಸ್ತಾವೇಜೊಂದರಲ್ಲಿ ಹುದುಗಿಸಿದ್ದ ಫಾಂಟನ್ನು ಕರ್ನೆಲ್ ಓದುವಾಗ, ಫಾಂಟು ಹೇಳಿದ ಅಳತೆಯನ್ನು ಸರಿಯಾಗಿ ಪರೀಕ್ಷಿಸದೆ ನಂಬಿತು. ಎಲ್ಲೆ ಮೀರಿದ ಬರೆಹದ ಮೂಲಕ ದಾಳಿಕೋರನ ಆಜ್ಞೆಗಳು ಕರ್ನೆಲ್‌ನ ಅಧಿಕಾರದಲ್ಲೇ ನಡೆದವು. ಓದುಗ ಮಾಡಿದ್ದು ದಸ್ತಾವೇಜನ್ನು ತೆರೆದದ್ದು ಮಾತ್ರ.

ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಸೂಚಿಸಿದ ತಾತ್ಕಾಲಿಕ ಉಪಾಯವೆಂದರೆ ಹುದುಗಿಸಿದ ಫಾಂಟುಗಳನ್ನು ಓದುವ ದಾರಿಯನ್ನೇ ಮುಚ್ಚುವುದು. ಅಂಥ ಫಾಂಟುಗಳನ್ನೇ ನೆಚ್ಚಿದ ದಸ್ತಾವೇಜುಗಳು ಆಗ ಸರಿಯಾಗಿ ಕಾಣುತ್ತಿರಲಿಲ್ಲ. ಹಳೆಯ ಕನ್ನಡ ಫಾಂಟುಗಳೊಡನೆ ಹೆಣಗಿದವರಿಗೆ ಇದರ ಬೆಲೆ ತಿಳಿದೀತು. ಪೂರ್ಣ ಪರಿಹಾರ 2011ರ ಡಿಸೆಂಬರ್ 13ರಂದು ಬಂದಿತು.

ಆದರೆ ಒಂದು ದೋಷದ ತಿದ್ದುಪಡಿಗಿಂತ ಮುಖ್ಯವಾದುದು ವ್ಯಾಖ್ಯಾನಕಾರನ ಸ್ಥಾನಪಲ್ಲಟ. 2015ರ ವಿಂಡೋಸ್ 10ರಿಂದ ಮೊದಲ್ಗೊಂಡು ಫಾಂಟ್ ಓದುವ ಕೆಲಸವನ್ನು ಕರ್ನೆಲ್‌ನ ಹೊರಗೆ, ಅಲ್ಪಾಧಿಕಾರದ ಪ್ರತ್ಯೇಕ ಪ್ರಕ್ರಿಯೆಗೆ ಒಪ್ಪಿಸಲಾಯಿತು. 2020ರ ಮಾರ್ಚ್‌ನಲ್ಲಿ ಅಡೋಬ್ ಟೈಪ್ ಮ್ಯಾನೇಜರ್ ಭಾಗದಲ್ಲಿ ಮತ್ತೆರಡು ದೋಷಗಳು ಬೆಳಕಿಗೆ ಬಂದಾಗ ಇದರ ಪರಿಣಾಮ ಕಂಡಿತು: ಆ ವೇಳೆಗೆ ಉಚಿತ ಬೆಂಬಲ ಕಳೆದುಕೊಂಡಿದ್ದ ವಿಂಡೋಸ್ 7ರ ಮೇಲೆ ದಾಳಿಗಳು ನಡೆದವು, ಬೆಂಬಲವಿದ್ದ ವಿಂಡೋಸ್ 10ರಲ್ಲಾದರೋ ಅದೇ ದಾಳಿ ಆ ಕಿರುಕೋಣೆಯನ್ನು ದಾಟುವಂತಿರಲಿಲ್ಲ.