ಹಿತ್ತಾಳೆ ದೀಪ ತೊಳೆದವರು ಯಾರು?

ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಿತ್ತಾಳೆ ದೀಪ ಹಬ್ಬದ ಬೆಳಗ್ಗೆ ಫಳಫಳ ಹೊಳೆಯುತ್ತದೆ. ಅದನ್ನು ಹಿಂದಿನ ರಾತ್ರಿ ಹತ್ತಕ್ಕೆ ಹಿತ್ತಲಲ್ಲಿ ಕೂತು ತಿಕ್ಕಿದವಳು ಯಾರು? ಚನ್ನಗಿರಿಯಲ್ಲಾದರೆ ದಿನವಿಡೀ ಅಡಿಕೆ ಸುಲಿದು ಬಂದ ತಾಯಿ ಇರಬಹುದು. ಹೊನ್ನಾಳಿಯಲ್ಲಿ ಅಂಗನವಾಡಿ ಟೀಚರ್, ನ್ಯಾಮತಿಯಲ್ಲಿ ಆಶಾ ಕಾರ್ಯಕರ್ತೆ, ಜಗಳೂರಿನಲ್ಲಿ ದಿನಾ ದಾವಣಗೆರೆಗೆ ಬಸ್ಸಲ್ಲಿ ಓಡಾಡುವ ನರ್ಸ್. ದೀಪ ಹಚ್ಚಿ ಎರಡು ನಿಮಿಷ ಕೈಮುಗಿದು ನಿಂತಾಗ ಅವಳ ಮನಸ್ಸು ಹಗುರಾಗುತ್ತದೆ. ಆದರೆ ಆ ಎರಡು ನಿಮಿಷಕ್ಕಾಗಿ ಎರಡು ಗಂಟೆ ದುಡಿದವಳೂ ಅವಳೇ. ನಂಬಿಕೆಯಿಂದ ದುಡಿಯುವ ತಾಯಂದಿರಿಗೆ ನೆಮ್ಮದಿ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ಈ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಮೊದಲು ಗಡಿಯಾರದ ಲೆಕ್ಕ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಆ ಕೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 88 ನಿಮಿಷ. ಹೊರಗಿನ ದುಡಿಮೆ ಮುಗಿಸಿ ಮನೆಗೆ ಬಂದವಳಿಗೆ ಕಾಯುತ್ತಿರುವುದನ್ನು ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಷೀಲ್ಡ್ 1989ರಲ್ಲೇ ‘ಎರಡನೇ ಪಾಳಿ’ ಎಂದು ಕರೆದರು. ಪ್ರಾರ್ಥನೆಗೆ ಬಿಡುವು ಸಿಕ್ಕರೆ ಈ ಎರಡು ಪಾಳಿಗಳ ಸಂದಿಯಲ್ಲೇ ಸಿಗಬೇಕು.

ಆ ಸಂದಿಯಲ್ಲಿ ದೇಹದೊಳಗೆ ಏನಾಗುತ್ತದೆ? ಇಟಲಿಯ ಲೂಸಿಯಾನೊ ಬರ್ನಾರ್ಡಿ ತಂಡ 2001ರಲ್ಲಿ 23 ಆರೋಗ್ಯವಂತರಿಂದ ಜಪಮಾಲೆ ಪ್ರಾರ್ಥನೆ ಮತ್ತು ಬೌದ್ಧ ಮಂತ್ರ ಹೇಳಿಸಿ ಅವರ ಉಸಿರನ್ನೂ ರಕ್ತದೊತ್ತಡವನ್ನೂ ಅಳೆಯಿತು. ಧರ್ಮ ಬೇರೆ, ಭಾಷೆ ಬೇರೆ. ಆದರೂ ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ಒಂದು ಸಾಲನ್ನು ಪೂರ್ತಿ ಹೇಳಬೇಕಾದರೆ ಉಸಿರನ್ನು ಉದ್ದಕ್ಕೆ ಬಿಡಲೇಬೇಕು. ಉಸಿರು ಬಿಡುವಾಗ ವೇಗಸ್ ನರ ಎದೆಬಡಿತಕ್ಕೆ ಲಗಾಮು ಹಾಕುತ್ತದೆ. ನಿಮಿಷಕ್ಕೆ ಆರರ ಲಯವು ರಕ್ತದೊತ್ತಡದ ಸಹಜ ಏರಿಳಿತಕ್ಕೆ ಹೊಂದುವುದರಿಂದ ಆ ಒತ್ತಡವನ್ನು ಹದದಲ್ಲಿಡುವ ವ್ಯವಸ್ಥೆಯೂ ಚುರುಕಾಗುತ್ತದೆ. ವಚನ ಹಾಡಿಕೊಳ್ಳುವಾಗಲೂ ತಸ್ಬಿ ಎಣಿಸುತ್ತ ಜಪಿಸುವಾಗಲೂ ಉಸಿರು ಹೀಗೇ ಉದ್ದವಾಗಬಹುದು.

ಆಚರಣೆಗೂ ತನ್ನದೇ ಗುಣವಿದೆ. ಮಾರಿಷಸ್‌ನ ಮರಾಠಿ ಹಿಂದೂ ಸಮುದಾಯದ 75 ಮಂದಿಯನ್ನು ಸಂಶೋಧಕರು ಮೊದಲು ಭಾಷಣದ ಆತಂಕಕ್ಕೆ ನೂಕಿದರು. ಆಮೇಲೆ ಕೆಲವರು ದೇವಸ್ಥಾನದಲ್ಲಿ ತಮಗೆ ರೂಢಿಯಾದ ಪೂಜೆ ಮಾಡಿದರು, ಉಳಿದವರು ಸುಮ್ಮನೆ ಕೂತು ವಿಶ್ರಾಂತಿ ಪಡೆದರು. ಪೂಜೆ ಮಾಡಿದವರ ಆತಂಕ ಹೆಚ್ಚು ಇಳಿದಿತ್ತು. ಎದೆಬಡಿತದ ದಾಖಲೆಯೂ ಅದನ್ನೇ ಹೇಳಿತು. 2020ರಲ್ಲಿ ಪ್ರಕಟವಾದ ಅಧ್ಯಯನ ಇದು. ಮುಂದೇನು ಮಾಡಬೇಕೆಂದು ಕೈಗೆ ಗೊತ್ತಿದ್ದರೆ ಮನಸ್ಸಿಗೆ ಅಷ್ಟು ಅಂಕೆ ಸಿಗುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ.

ಇನ್ನು ಪ್ರಾರ್ಥನೆಯಲ್ಲಿ ಜೊತೆಗೂಡುವ ಜನರ ಮಾತು. ಅಮೆರಿಕದ 74,534 ನರ್ಸ್‌ಗಳ ದಾಖಲೆಯನ್ನು ಟೈಲರ್ ವ್ಯಾಂಡರ್‌ವೀಲ್ ಮತ್ತು ಸಂಗಡಿಗರು ಪರಿಶೀಲಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ವಾರಕ್ಕೆ ಒಂದಕ್ಕಿಂತ ಹೆಚ್ಚು ಸಲ ಪ್ರಾರ್ಥನೆಗೆ ಸೇರುತ್ತಿದ್ದವರಲ್ಲಿ, ಎಂದೂ ಹೋಗದವರಿಗೆ ಹೋಲಿಸಿದರೆ, 16 ವರ್ಷಗಳ ಅವಧಿಯಲ್ಲಿ ಸಾವಿನ ಅಪಾಯ ಶೇ. 33ರಷ್ಟು ಕಡಿಮೆಯಿತ್ತು. ಇದನ್ನು ಓದಿ ‘ದೇವರಿಗೆ ಕೈಮುಗಿದರೆ ಆಯಸ್ಸು’ ಎಂದು ಬೋರ್ಡ್ ಬರೆಸಬೇಡಿ. ಇದೇ ನರ್ಸ್‌ಗಳ ಇನ್ನೊಂದು ವಿಶ್ಲೇಷಣೆಯಲ್ಲಿ, ಖಿನ್ನತೆ ಬಂದವರು ಪ್ರಾರ್ಥನೆಗೆ ಹೋಗುವುದನ್ನೇ ಕಡಿಮೆ ಮಾಡಿದ್ದೂ ಕಂಡಿತು. ಎಂದರೆ ಹೋದದ್ದರಿಂದ ಚೆನ್ನಾಗಿದ್ದರು ಎನ್ನುವುದರ ಜೊತೆಗೆ, ಚೆನ್ನಾಗಿದ್ದವರೇ ಹೋಗುತ್ತಿದ್ದರು ಎನ್ನುವುದೂ ನಿಜವಿರಬಹುದು. ಸಂಶೋಧಕರಾದ ಚೈಯೂನ್ ಲಿಮ್ ಮತ್ತು ರಾಬರ್ಟ್ ಪಟ್ನಮ್ 2010ರಲ್ಲಿ ತೋರಿಸಿದಂತೆ, ಪ್ರಾರ್ಥನೆಗೆ ಸೇರುವವರ ಬದುಕಿನ ತೃಪ್ತಿಗೆ ಮುಖ್ಯ ಕಾರಣ ಅಲ್ಲಿ ಸಿಗುವ ಗೆಳೆತನ. ಯಾರ ಪರಿಚಯವೂ ಇಲ್ಲದೆ ಬಂದು ಹೋಗುವವರಿಗೆ ಆ ಲಾಭ ಕಾಣಲಿಲ್ಲ.

ನಮ್ಮ ಕಡೆಗೆ ಬರೋಣ. ಫೆಬ್ರವರಿಯಲ್ಲಿ ಬಂಜಾರರ ಸಂತ ಸೇವಾಲಾಲರ ಜಯಂತಿಗೆ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದ ಭಾಯಾಗಡಕ್ಕೆ ತಾಂಡಾಗಳ ಹೆಂಗಸರು ಗುಂಪುಗುಂಪಾಗಿ ಬರುತ್ತಾರೆ. ದರ್ಶನಕ್ಕೆ ಸಾಲಿನಲ್ಲಿ ನಿಂತಷ್ಟು ಹೊತ್ತೂ ಮಗಳ ಮದುವೆ, ಮಗನ ಫೀಸು, ಗಂಡನ ಕುಡಿತ ಎಲ್ಲವೂ ಮಾತಿಗೆ ಬರಬಹುದು. ಮನಸ್ಸು ಬಿಚ್ಚಿ ಹೇಳಿಕೊಳ್ಳಲು ಒಬ್ಬರೂ ಇಲ್ಲದ ಹೆಂಗಸರಲ್ಲಿ ಖಿನ್ನತೆ ಹೆಚ್ಚು ಎಂದು ಜಾರ್ಜ್ ಬ್ರೌನ್ ಮತ್ತು ಟಿರಿಲ್ ಹ್ಯಾರಿಸ್ 1978ರಲ್ಲೇ ಲಂಡನ್ನಿನ ಮಹಿಳೆಯರ ಅಧ್ಯಯನದಿಂದ ಹೇಳಿದ್ದರು. ಕಷ್ಟ ಬಂದಾಗ ಮನೆಯಾಚೆಗಿನ ಕೆಲಸವೂ ಒಂದು ರಕ್ಷೆ ಎಂದು ಅವರಿಗೆ ಕಂಡಿತ್ತು. ‘ಕೆಲಸ ಬಿಟ್ಟು ಮನೇಲಿರು, ಸರಿ ಹೋಗ್ತೀಯ’ ಎನ್ನುವ ಹಿರಿಯರು ಇದನ್ನು ಕೇಳಿಸಿಕೊಳ್ಳಬೇಕು.

ಆದರೆ ನಂಬಿಕೆ ಚುಚ್ಚುವುದೂ ಉಂಟು. ಮಗುವಿಗೆ ಜ್ವರ ಬಂದರೆ ‘ಹರಕೆ ತೀರಿಸ್ಲಿಲ್ಲ, ಅದಕ್ಕೇ’ ಎಂಬ ಮಾತು ಮೊದಲು ಮುಟ್ಟುವುದು ತಾಯಿಗೆ. ದೇವರು ಜೊತೆಗಿದ್ದಾನೆ ಎನ್ನುವ ಭಾವವನ್ನೂ ದೇವರು ಕೈಬಿಟ್ಟಿದ್ದಾನೆ, ಶಿಕ್ಷಿಸುತ್ತಿದ್ದಾನೆ ಎನ್ನುವ ಭಾವವನ್ನೂ ಮನೋವಿಜ್ಞಾನಿ ಕೆನೆತ್ ಪಾರ್ಗಮೆಂಟ್ ಬೇರೆ ಬೇರೆಯಾಗಿ ಅಳೆದರು. ಎರಡನೆಯ ಭಾವ ಹೊತ್ತಿದ್ದ ವೃದ್ಧ ರೋಗಿಗಳಲ್ಲಿ ಸಾವಿನ ಅಪಾಯ ಹೆಚ್ಚಿತ್ತು ಎಂದು ಅವರ ತಂಡ 2001ರಲ್ಲಿ ವರದಿ ಮಾಡಿತು. ಇದರ ಜೊತೆಗೆ ಆಚರಣೆಯ ದುಡಿಮೆ: ಹೋಳಿಗೆಯ ಹೂರಣ ರುಬ್ಬುವವಳೂ ರಂಜಾನಿನ ಸಹರಿಗೆ ಎಲ್ಲರಿಗಿಂತ ಮುಂಚೆ ಏಳುವವಳೂ ತಾಯಿಯೇ. ಅವಳಿಗೆ ಹಬ್ಬವೆಂದರೆ ಮೂರನೇ ಪಾಳಿ.

ನಂಬಿಕೆಯ ಜಾಗ ಆಸರೆಯಾಗುವುದೂ ಉಂಟು. ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು 2002ರಲ್ಲಿ ತಮಿಳುನಾಡಿನ ಒಂದು ದೇವಸ್ಥಾನದಲ್ಲಿ ಉಳಿದಿದ್ದ 31 ಮಾನಸಿಕ ರೋಗಿಗಳ ಬಗ್ಗೆ ವರದಿ ಮಾಡಿದರು. ಅಲ್ಲಿದ್ದ ಅವಧಿಯಲ್ಲಿ ಅವರ ರೋಗಲಕ್ಷಣಗಳ ಅಂಕ ಸುಮಾರು ಶೇ. 20ರಷ್ಟು ಇಳಿದಿತ್ತು. ಅಲ್ಲಿ ವಿಶೇಷ ಚಿಕಿತ್ಸಾ ಪೂಜೆಯೇನೂ ಇರಲಿಲ್ಲ. ಭಯಪಡಿಸದೆ ಆಸರೆ ಕೊಡುವ ಜಾಗ, ಜೊತೆಗೆ ಮನೆಯವರು, ಕೈಗೆ ಒಂದಿಷ್ಟು ಹಗುರ ಕೆಲಸ. ಹೋಲಿಕೆಗೆ ಇನ್ನೊಂದು ಗುಂಪು ಇಲ್ಲದ ಈ ಚಿಕ್ಕ ಅಧ್ಯಯನವನ್ನು ಔಷಧಿಗೆ ಬದಲಿ ಎಂದು ಓದಬಾರದು. ಎರಡು ವಾರಕ್ಕೂ ಮೀರಿ ನಿದ್ದೆ ಬಾರದೆ, ಯಾವುದೂ ಬೇಡವೆನಿಸಿದರೆ, ಅಥವಾ ಒಂದು ದಿನವಾದರೂ ಬದುಕೇ ಸಾಕೆನಿಸಿದರೆ, ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಬೇಕು. ಕನ್ನಡದಲ್ಲೇ ಮಾತಾಡಬಹುದು, ದೇವರ ದೀಪವನ್ನೂ ಹಚ್ಚಬಹುದು, ಎರಡಕ್ಕೂ ಜಗಳವಿಲ್ಲ.

ತಾಯಿಗೆ ನೆಮ್ಮದಿ ತರುವುದು ಉದ್ದನೆಯ ಉಸಿರು, ಒಬ್ಬ ಗೆಳತಿ, ಯಾರೂ ಕರೆಯದ ಹತ್ತು ನಿಮಿಷ. ಇವನ್ನು ಕೊಡುವ ಮಟ್ಟಿಗೆ ನಂಬಿಕೆ ಅವಳ ಕೈ ಹಿಡಿಯುತ್ತದೆ. ಮುಂದಿನ ಹಬ್ಬದ ಹಿಂದಿನ ರಾತ್ರಿ ಹಿತ್ತಲಿನ ಲೈಟ್ ಹಾಕಿ ನೋಡಿ. ಹುಣಸೆಹಣ್ಣಿನ ಬಟ್ಟಲ ಮುಂದೆ ಅವಳೊಬ್ಬಳೇ ಕೂತಿದ್ದರೆ, ಇನ್ನೊಂದು ಮಣೆ ಎಳೆದುಕೊಂಡು ಪಕ್ಕದಲ್ಲಿ ಕೂರಿ.