ಪುಟಿಯುವ ಮರಗಾಲು

ಮರಗಾಲು ಕಟ್ಟಿಕೊಂಡು ಕುಣಿಯುವ ಕಲೆ ನಮ್ಮ ನಾಡಿಗೆ ಹೊಸದಲ್ಲ. ಆದರೆ ನಮ್ಮ ಜನಪದ ಕಲಾವಿದರ ಮರಗಾಲು ಮನುಷ್ಯನನ್ನು ಎತ್ತರಿಸುತ್ತದೆಯೇ ಹೊರತು ಚಿಮ್ಮಿಸುವುದಿಲ್ಲ. ಅದಕ್ಕೊಂದು ಸ್ಪ್ರಿಂಗನ್ನು ಕೂಡಿಸಿದರೆ ಹೇಗೆ? ಈ ಯೋಚನೆಗೆ ನೂರು ವರ್ಷಕ್ಕೂ ಮಿಕ್ಕ ವಯಸ್ಸಾಗಿದೆ. ಓಟವನ್ನೂ ನೆಗೆತವನ್ನೂ ಸುಲಭಗೊಳಿಸಲೆಂದು ಕಾಲಿಗೆ ಬಿಲ್ಲಿನಂಥ ಕಮಾನುಗಳನ್ನು ಜೋಡಿಸುವ ಸಾಧನಕ್ಕೆ ರಷ್ಯದ ನಿಕೊಲಾಸ್ ಯಾಗ್ನ್ ಎಂಬವರು 1890ರಲ್ಲಿಯೇ ಅಮೆರಿಕದ ಪೇಟೆಂಟನ್ನು ಪಡೆದಿದ್ದರು. ಈಗ ಬಳಕೆಯಲ್ಲಿರುವ ಬಗೆಯದು ಜರ್ಮನಿಯ ಅಲೆಕ್ಸಾಂಡರ್ ಬ್ಯೋಕ್ ಅವರ ರಚನೆ. ಅದಕ್ಕೆ ಅಮೆರಿಕದ ಪೇಟೆಂಟು ದೊರೆತದ್ದು 2004ರಲ್ಲಿ. ಇದನ್ನು ನಾವು ‘ಪುಟಿಗಾಲು’ ಎಂದು ಕರೆಯೋಣ.

ಪುಟಿಗಾಲಿನಲ್ಲಿ ಪಾದವನ್ನು ವಾರುಗಳಿಂದ ಬಿಗಿಯುವ ಹಲಗೆಯೊಂದು ನೆಲದಿಂದ ಸುಮಾರು ಮೊಳದಷ್ಟು ಮೇಲಿರುತ್ತದೆ. ಅಲ್ಲಿಂದ ಅಲ್ಯೂಮಿನಿಯಮಿನ ಚೌಕಟ್ಟು ಕಾಲಿನುದ್ದಕ್ಕೂ ಏರಿ, ಮೊಣಕಾಲಿನ ಕೆಳಗೆ ಒಂದು ಪಟ್ಟೆಯಲ್ಲಿ ಕೊನೆಗೊಳ್ಳುತ್ತದೆ. ಮೀನಖಂಡದ ಹಿಂದೆ ಕಮಾನು. ಕೆಳತುದಿಯಲ್ಲಿ ರಬ್ಬರಿನ ಗೊರಸು. ಕಮಾನು ಉಕ್ಕಿನದಲ್ಲ, ಗಾಜಿನ ನೂಲನ್ನು ರಾಳದಲ್ಲಿ ಅದ್ದಿ ಗಟ್ಟಿಮಾಡಿದ ಪಟ್ಟಿ. ಗಾಜೆಂದರೆ ಒಡೆಯುವ ವಸ್ತುವಲ್ಲವೆ ಎಂದು ವಾಚಕರು ಕೇಳಬಹುದು. ನವುರಾದ ನೂಲಾಗಿ ಎಳೆದಾಗ ಅದರ ಗುಣವೇ ಬೇರೆ. ಇಂಥ ಪಟ್ಟಿಯ ತೂಕ ಅಷ್ಟೇ ಗಾತ್ರದ ಉಕ್ಕಿನ ಕಾಲುಭಾಗದಷ್ಟು ಮಾತ್ರ. ಮುರಿಯದೆ ಬಾಗುವುದರಲ್ಲಿ ಅದು ಉಕ್ಕನ್ನು ಮೀರಿಸುತ್ತದೆ. ಆದುದರಿಂದ ಸಮತೂಕದ ಉಕ್ಕಿಗಿಂತ ಹಲವು ಪಟ್ಟು ಶಕ್ತಿಯನ್ನು ಅದು ತನ್ನಲ್ಲಿ ಅಡಗಿಸಿಟ್ಟುಕೊಳ್ಳಬಲ್ಲದು.

ಆದರೂ ಪುಟಿಗಾಲಿನ ಮೇಲೆ ಎರಡು ದೂರುಗಳಿವೆ: ಕಾಲು ನೋಯುತ್ತದೆ, ಸಾಧನ ಬೇಗನೆ ಸವೆದು ಮುರಿಯುತ್ತದೆ. ಇವನ್ನು ಸಾಮಾನ್ಯವಾಗಿ ಬೇರೆ ಬೇರೆಯಾಗಿ ಎಣಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಎರಡರ ಬೇರೂ ಒಂದೇ. ಬಲವು ಹರಡಿಕೊಳ್ಳದೆ ಒಂದೆಡೆ ಕಿಕ್ಕಿರಿದಾಗ ಚರ್ಮ ನೋಯುತ್ತದೆ, ಲೋಹ ಬಿರಿಯುತ್ತದೆ.

ಒಂದು ಲೆಕ್ಕವನ್ನು ಮಾಡಿನೋಡೋಣ. 60 ಕಿಲೋಗ್ರಾಂ ತೂಕದ ವಿದ್ಯಾರ್ಥಿಯೊಬ್ಬನು ಅರ್ಧ ಮೀಟರಿನಿಂದ ಇಳಿದು ಬಂದು, ಕಮಾನುಗಳನ್ನು ಕಾಲು ಮೀಟರಿನಷ್ಟು ಕುಗ್ಗಿಸಿ ನಿಲ್ಲುತ್ತಾನೆನ್ನಿ. ಅವನು ಒಟ್ಟು ಇಳಿದದ್ದು 75 ಸೆಂಟಿಮೀಟರು. ಅವನನ್ನು ತಡೆದು ನಿಲ್ಲಿಸಿದ್ದು ಅದರ ಮೂರನೆಯ ಒಂದು ಭಾಗದಲ್ಲಿ. ಆದ್ದರಿಂದ ತಡೆಯುವ ಸರಾಸರಿ ಬಲ ಅವನ ತೂಕದ ಮೂರು ಪಟ್ಟು, ಅಂದರೆ 180 ಕಿಲೋಗ್ರಾಂ. ಕಮಾನಿನ ಬಲ ಸೊನ್ನೆಯಿಂದ ಸಮನಾಗಿ ಏರುವುದರಿಂದ ಅದರ ಪರಮಾವಧಿ ಸರಾಸರಿಯ ಇಮ್ಮಡಿ, 360 ಕಿಲೋಗ್ರಾಂ. ಮೊಣಕಾಲನ್ನು ಬಗ್ಗಿಸದಿದ್ದರೆ ಒಂದೊಂದು ಕಾಲಿಗೂ 180ರಷ್ಟು ಪಾಲು!

ಅಂಗಾಲು ಈ ಭಾರವನ್ನು ಹೇಗೋ ಹೊತ್ತೀತು. ನೋವು ಕಾಣಿಸಿಕೊಳ್ಳುವುದು ಮೊಣಕಾಲಿನ ಕೆಳಗೆ, ಮಾಂಸದ ಹೊದಿಕೆಯಿಲ್ಲದ ಮುಂದಿನ ಎಲುಬಿನ ಮೇಲೆ. ನೆಲದಿಂದ ಬರುವ ಬಲದ ರೇಖೆ ಹರಡಿನ ಕೀಲಿಗಿಂತ 3 ಸೆಂಟಿಮೀಟರು ಮುಂದೆ ಹಾದರೆ, ಇಡೀ ಚೌಕಟ್ಟು ಸನ್ನೆಗೋಲಿನಂತೆ ಹಿಂದಕ್ಕೆ ತಿರುಗಲೆಳಸುತ್ತದೆ. ಪಟ್ಟೆಯು ಕೀಲಿನಿಂದ 36 ಸೆಂಟಿಮೀಟರು ಮೇಲಿದ್ದರೆ ಎಲುಬಿನ ಮೇಲೆ ಬೀಳುವ ಬಲ 15 ಕಿಲೋಗ್ರಾಂ. ವಾರಿನ ಅಂಚು 10 ಚದರ ಸೆಂಟಿಮೀಟರನ್ನಷ್ಟೇ ಮುಟ್ಟುತ್ತಿದ್ದರೆ ಪ್ರತಿ ಚದರ ಸೆಂಟಿಮೀಟರಿಗೆ ಒಂದೂವರೆ ಕಿಲೋಗ್ರಾಂ. ಕಾಲಿನ ಆಕಾರಕ್ಕೆ ಒಪ್ಪುವ ಗಟ್ಟಿ ಪಟ್ಟೆ 60 ಚದರ ಸೆಂಟಿಮೀಟರನ್ನು ಮುಟ್ಟಿದರೆ ಕಾಲು ಕಿಲೋಗ್ರಾಂ ಮಾತ್ರ.

ನೋವೆಂದೊಡನೆ ದಪ್ಪನೆಯ ಮೆತ್ತನೆಯ ಸ್ಪಂಜನ್ನು ತುರುಕುವುದು ಎಲ್ಲರ ರೂಢಿ. ಅದರಿಂದ ಫಲವಿಲ್ಲ. ಸ್ಪಂಜು ಅಪ್ಪಚ್ಚಿಯಾಗಿ ಅಂಚು ಮತ್ತೆ ಎಲುಬನ್ನು ಮುಟ್ಟುತ್ತದೆ. ಮೇಲಾಗಿ ಸಡಿಲವುಂಟಾಗಿ ಪಟ್ಟೆಯು ಪ್ರತಿ ಹೆಜ್ಜೆಗೂ ಸುತ್ತಿಗೆಯಂತೆ ಬಡಿಯುತ್ತದೆ. ಗಟ್ಟಿ ಪಟ್ಟೆಯ ಒಳಗೆ ತೆಳುವಾದ, ಬಿಗಿಯಾದ ಮೆತ್ತೆ ಲೇಸು. ಅದಕ್ಕೂ ಮಿಗಿಲಾದ ಉಪಾಯ, ಪಾದದ ಹಲಗೆಯನ್ನು ಸರಿಸಿ 3 ಸೆಂಟಿಮೀಟರನ್ನು ಒಂದಕ್ಕೆ ಇಳಿಸುವುದು. ಆಗ 15 ಕಿಲೋಗ್ರಾಂ 5 ಆಗುತ್ತದೆ, ಒಂದು ಕಾಸಿನ ಖರ್ಚಿಲ್ಲದೆ.

ಆಯಾಸದ ವಿಷಯವನ್ನೂ ಹೇಳಬೇಕು. ಕಾಲು ಸೊಂಟದಿಂದ ತೂಗಾಡುವಾಗ ತುದಿಯ ತೂಕ ದೂರದ ವರ್ಗಕ್ಕೆ ಅನುಗುಣವಾಗಿ ಕಾಡುತ್ತದೆ. ಗೊರಸು ಪಟ್ಟೆಗಿಂತ ಮೂರು ಪಟ್ಟು ದೂರವಿದ್ದರೆ, ಅಲ್ಲಿನ ನೂರು ಗ್ರಾಂ ಪಟ್ಟೆಯಲ್ಲಿನ ಒಂಬೈನೂರಕ್ಕೆ ಸಮ. ಆದುದರಿಂದ ಬಹಳ ದಿನ ಬಾಳಲೆಂದು ಗೊರಸನ್ನು ದಪ್ಪ ಮಾಡುವುದಕ್ಕಿಂತ, ಸವೆದಾಗ ಸುಲಭವಾಗಿ ಬದಲಾಯಿಸಬಲ್ಲ ತೆಳು ಗೊರಸೇ ಮೇಲು.

ಇನ್ನು ಬಾಳಿಕೆ. ಸೆಕೆಂಡಿಗೊಂದರಂತೆ ಅರ್ಧ ಗಂಟೆ ನೆಗೆದರೆ 1,800 ನೆಗೆತಗಳು, ತಿಂಗಳಿಗೆ 54,000. ಒಮ್ಮೆ ಹೇರಿದರೆ ಏನೂ ಮಾಡದ ಹೊರೆ ಸಾವಿರಾರು ಸಲ ಹೇರಿದಾಗ ಬಿರುಕನ್ನು ಹುಟ್ಟಿಸುತ್ತದೆ. ಇದೇ ಲೋಹದ ದಣಿವು. 1954ರಲ್ಲಿ ‘ಕಾಮೆಟ್’ ವಿಮಾನಗಳು ಆಕಾಶದಲ್ಲಿ ಒಡೆದದ್ದೂ ಇದರಿಂದಲೇ. ಇಂತಿಷ್ಟು ಹೊರೆಯೊಳಗಿದ್ದರೆ ಉಕ್ಕು ದಣಿಯದೆಂದು ಹೇಳಬಹುದು. ಅಲ್ಯೂಮಿನಿಯಮಿಗೆ ಅಂಥ ಸ್ಪಷ್ಟ ಎಲ್ಲೆಯಿಲ್ಲ. ಎಳೆತಕ್ಕೆ ಸಿಕ್ಕಿದ ಅಗಲ ತಗಡಿನಲ್ಲಿ ದುಂಡು ರಂಧ್ರವೊಂದಿದ್ದರೆ ಅದರ ಅಂಚಿನಲ್ಲಿ ಎಳೆತ ಮೂರು ಪಟ್ಟಾಗುತ್ತದೆ. ಹೀಗಿರುವಾಗ ವಾರನ್ನು ಸಿಕ್ಕಿಸಲೆಂದು ಚೌಕಟ್ಟಿಗೆ ಮನಬಂದಲ್ಲಿ ತೂತು ಕೊರೆಯುವುದು ಎಂಥ ಅವಿವೇಕ! ಕಮಾನಿಗಂತೂ ಕೊರೆಯಲೇಬಾರದು; ನೂಲು ಕಡಿದರೆ ಬಲವೂ ಕಡಿಯಿತು. ಅದನ್ನು ರಬ್ಬರಿನ ಮೆತ್ತೆಯಿಟ್ಟು ಅವುಕಿ ಹಿಡಿಯುವುದೇ ಕ್ರಮ.

ಕಮಾನಿನ ಆಯ್ಕೆಯಲ್ಲಿ ಸುಖ, ಬಾಳಿಕೆಗಳೆರಡೂ ಕೂಡಿವೆ. ಪಟ್ಟಿಯ ಬಿಗುಪು ದಪ್ಪದ ಘನಕ್ಕೆ ಅನುಗುಣ. ದಪ್ಪ ಹತ್ತನೆಯ ಒಂದು ಭಾಗ ಹೆಚ್ಚಿದರೆ ಬಿಗುಪು ಮೂರನೆಯ ಒಂದು ಭಾಗ ಹೆಚ್ಚುತ್ತದೆ. ಹಗುರ ಮೈಯವನು ದಪ್ಪ ಕಮಾನನ್ನು ಕಟ್ಟಿದರೆ ಅದು ಬಾಗದೆ ಏಟೆಲ್ಲ ಮೊಣಕಾಲಿಗೆ. ಭಾರಿ ಮೈಯವನು ತೆಳುವಾದದ್ದನ್ನು ಕಟ್ಟಿದರೆ ಅದು ಅತಿಯಾಗಿ ಬಾಗಿ ಸೀಳುತ್ತದೆ. ತಯಾರಕರು ಮೈತೂಕಕ್ಕೆ ತಕ್ಕಂತೆ ಕಮಾನುಗಳನ್ನು ವಿಂಗಡಿಸುವುದು ಇದಕ್ಕಾಗಿಯೇ.

ಗಾಳಿಯಲ್ಲಿರುವಾಗ ಪುಟಿಗಾಲನ್ನು ಕಳಚಿ ಎಸೆಯುವಂತಿಲ್ಲ. ಆದ್ದರಿಂದ ಶಿರಸ್ತ್ರಾಣದಷ್ಟೇ ತಪಾಸಣೆಯೂ ಅಗತ್ಯ. ಕಮಾನಿನ ಮೇಲೆ ಬಿಳಿಯ ಮಚ್ಚೆ ಮೂಡಿದ್ದರೆ, ಅಂಚಿನಲ್ಲಿ ಎಳೆ ಎದ್ದಿದ್ದರೆ, ಒಳಗೆ ಪದರ ಬಿಡುತ್ತಿದೆಯೆಂದು ತಿಳಿದು ಅದನ್ನು ತೆಗೆದುಹಾಕಬೇಕು. ನಟ್ಟುಗಳಿಗೆ ಒಂದು ಸುಲಭ ಉಪಾಯವುಂಟು. ಬಿಗಿಮಾಡಿದ ಮೇಲೆ ನಟ್ಟಿನಿಂದ ಚೌಕಟ್ಟಿನವರೆಗೆ ಬಣ್ಣದ ಒಂದು ಗೆರೆಯನ್ನು ಎಳೆದಿಡಿ. ಮರುದಿನ ಗೆರೆಯ ಎರಡು ತುಂಡುಗಳು ಒಂದಕ್ಕೊಂದು ಸೇರದಿದ್ದರೆ ನಟ್ಟು ತಿರುಗಿದೆಯೆಂದೇ ಅರ್ಥ.