ಹವಳದ ತೊಟ್ಟಿಗೆ ಯಂತ್ರ ಕೊಳ್ಳುವ ಮೊದಲು

ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ ಜೀವಂತ ಹವಳ ಬೆಳೆಸುವ ಹವ್ಯಾಸ ಅಮೆರಿಕ, ಜರ್ಮನಿಗಳಲ್ಲಿ ದಶಕಗಳಿಂದ ಬೇರೂರಿದೆ. ಈ ಹವ್ಯಾಸಿಗಳ ಮುಂದೆ ಈಗ ಒಂದು ದುಬಾರಿ ಆಮಿಷವಿದೆ. ತಾನೇ ತೊಟ್ಟಿಯ ನೀರು ಹೀರಿ, ತಾನೇ ಪರೀಕ್ಷಿಸಿ, ಫಲಿತಾಂಶವನ್ನು ಮೊಬೈಲಿಗೆ ಕಳಿಸುವ ಯಂತ್ರ ಅದು. ಅಮೆರಿಕದ ನೆಪ್ಚೂನ್ ಸಿಸ್ಟಮ್ಸ್ ತಯಾರಿಸುವ ಟ್ರೈಡೆಂಟ್, ಕ್ಷಾರೀಯತೆ, ಕ್ಯಾಲ್ಸಿಯಂ, ಮೆಗ್ನೀಸಿಯಂ ಮೂರನ್ನೂ ಅಳೆಯುತ್ತದೆ. ಫೋಕಸ್ಟ್ರಾನಿಕ್‌ನ ಆಲ್ಕಟ್ರಾನಿಕ್, ಪೋಲೆಂಡಿನ ರೀಫ್ ಫ್ಯಾಕ್ಟರಿಯ ಕೆಎಚ್ ಕೀಪರ್ ಇಂಥವು ಕ್ಷಾರೀಯತೆಯೊಂದನ್ನೇ ನೆಚ್ಚಿಕೊಂಡವು. ಅಂಗಡಿಗೆ ಹೋದವರು ಮೊದಲು ಕೇಳುವುದು 'ಇದು ಎಷ್ಟು ಅಂಶ ಅಳೆಯುತ್ತದೆ?' ಎಂದು. ಒಂದಕ್ಕಿಂತ ಮೂರು ಮೇಲು, ಮೂರಕ್ಕಿಂತ ಐದು ಮೇಲು ಎಂಬ ಲೆಕ್ಕ. ಈ ಲೆಕ್ಕದಲ್ಲಿ ಹಣ ಹೋಗುವುದೇ ಹೆಚ್ಚು. ಕ್ಷಾರೀಯತೆಯನ್ನು ದಿನಕ್ಕೆ ಹಲವು ಸಲ, ಪ್ರತಿ ಸಲವೂ ಒಂದೇ ಹದದಲ್ಲಿ ಅಳೆಯುವ ಯಂತ್ರ ಸಿಕ್ಕರೆ ಸಾಕು. ಉಳಿದ ಅಂಶಗಳಿಗೆ ಕೈಯಲ್ಲಿ ಮಾಡುವ ಪರೀಕ್ಷೆಯೇ ಧಾರಾಳವಾಯಿತು ಎಂಬುದು ನನ್ನ ವಾದ.

ಇದಕ್ಕೆ ಕಾರಣ ಹವಳದ ಅಸ್ಥಿಪಂಜರದಲ್ಲೇ ಇದೆ. ಗಟ್ಟಿ ಹವಳ ತನ್ನ ಮೈಕೆಳಗೆ ಕಟ್ಟುವುದು ಕ್ಯಾಲ್ಸಿಯಂ ಕಾರ್ಬೊನೇಟಿನ ಗೂಡು. ಅದಕ್ಕೆ ಬೇಕಾದ ಕ್ಯಾಲ್ಸಿಯಂ ನೀರಿನಲ್ಲಿ ಹೇರಳ: ಸಮುದ್ರದಲ್ಲಿ ಸುಮಾರು 410ರಿಂದ 420 ಪಿಪಿಎಂ. ಕಾರ್ಬೊನೇಟಿನ ದಾಸ್ತಾನು ಮಾತ್ರ ಚಿಕ್ಕದು. ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿಗೆ ಕ್ಷಾರೀಯತೆ ಎನ್ನುತ್ತಾರೆ. ಕಡಲನೀರಿನಲ್ಲಿ ಅದರ ಬಹುಪಾಲು ಬೈಕಾರ್ಬೊನೇಟ್ ಮತ್ತು ಕಾರ್ಬೊನೇಟಿನಿಂದಲೇ ಬರುವುದರಿಂದ ಆ ದಾಸ್ತಾನಿನ ಅಳತೆಯೂ ಅದೇ. ಹವ್ಯಾಸಿಗಳ ಮಾಪನದಲ್ಲಿ ಕಡಲಿನ ಕ್ಷಾರೀಯತೆ ಸುಮಾರು 7 ಡಿಕೆಎಚ್. ಹವಳ 20 ಪಿಪಿಎಂ ಕ್ಯಾಲ್ಸಿಯಂ ಬಳಸಿದಾಗ ಅದರ ಜೊತೆಗೆ 2.8 ಡಿಕೆಎಚ್ ಕ್ಷಾರೀಯತೆಯೂ ಖರ್ಚಾಗುತ್ತದೆ. ಅಂದರೆ ಕ್ಯಾಲ್ಸಿಯಂ ಶೇ. 5ರಷ್ಟು ಇಳಿಯುವಷ್ಟರಲ್ಲಿ ಕ್ಷಾರೀಯತೆ ಶೇ. 40ರಷ್ಟು ಇಳಿದಿರುತ್ತದೆ. ಹವಳ ತುಂಬಿದ ತೊಟ್ಟಿಯೊಂದು ದಿನಕ್ಕೆ 2 ಡಿಕೆಎಚ್ ಬಳಸುತ್ತದೆ ಎಂದುಕೊಳ್ಳಿ. ಈ ಕೊರತೆಯನ್ನು ತುಂಬುತ್ತಿರುವ ಡೋಸಿಂಗ್ ಪಂಪು ಶುಕ್ರವಾರ ರಾತ್ರಿ ಕೆಟ್ಟರೆ ಶನಿವಾರ ರಾತ್ರಿಗೆ ಕ್ಯಾಲ್ಸಿಯಂ ಇಳಿದಿರುವುದು ಬರೀ 14 ಪಿಪಿಎಂ. ಮನೆಯ ಕಿಟ್ಟಿನಲ್ಲಿ ಬಣ್ಣ ನೋಡಿ ಅಳೆಯುವವರಿಗೆ ಅಷ್ಟು ವ್ಯತ್ಯಾಸ ಕೈತಪ್ಪಿನಲ್ಲೇ ಮುಚ್ಚಿಹೋಗುತ್ತದೆ. ಕ್ಷಾರೀಯತೆಯಾದರೆ 8ರಿಂದ 6ಕ್ಕೆ ಬಂದು ಕೂಗಿ ಹೇಳುತ್ತಿರುತ್ತದೆ.

ಕಡಲ ವಿಜ್ಞಾನಿಗಳೂ ಹಿಡಿದಿರುವುದು ಇದೇ ದಾರಿಯನ್ನು. ಒಂದು ಹವಳದ ದಿಬ್ಬ ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂದು ತಿಳಿಯಲು ಅವರು ಸಾಮಾನ್ಯವಾಗಿ ಅದರ ಮೇಲೆ ಹರಿದುಹೋಗುವ ನೀರಿನ ಕ್ಷಾರೀಯತೆ ಎಷ್ಟು ಇಳಿಯಿತು ಎಂದು ನೋಡುತ್ತಾರೆ. 2014ರಲ್ಲಿ ಕೆನ್ ಕಾಲ್ಡೇರಾ, ರೆಬೆಕಾ ಆಲ್‌ಬ್ರೈಟ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫಿನ ಒನ್ ಟ್ರೀ ದ್ವೀಪದಲ್ಲಿ ಒಂದು ಪ್ರಯೋಗ ಮಾಡಿದರು. ಹವಳದ ಮೇಲೆ ಹರಿಯುವ ನೀರಿಗೆ ಸೋಡಿಯಂ ಹೈಡ್ರಾಕ್ಸೈಡ್ ಬೆರೆಸಿ ಕ್ಷಾರೀಯತೆ ಹೆಚ್ಚಿಸಿದರು. ಜೊತೆಗೊಂದು ಬಣ್ಣವನ್ನೂ ಬಿಟ್ಟರು. ಬಣ್ಣವನ್ನು ಹವಳ ಮುಟ್ಟುವುದಿಲ್ಲ, ಕ್ಷಾರೀಯತೆಯನ್ನು ಬಳಸಿಕೊಳ್ಳುತ್ತದೆ. ನೀರು ದಿಬ್ಬ ದಾಟಿದ ಮೇಲೆ ಎರಡನ್ನೂ ಹೋಲಿಸಿದರೆ ಹವಳ ಉಂಡದ್ದೆಷ್ಟು ಎಂದು ಗೊತ್ತಾಗುತ್ತದೆ. ಹವಳ ಗೂಡು ಕಟ್ಟುವ ವೇಗ ಸುಮಾರು ಶೇ. 7ರಷ್ಟು ಏರಿತ್ತೆಂಬ ವರದಿ 2016ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂತು. ಬಯಲು ಸಮುದ್ರದಲ್ಲಿ ಅಷ್ಟು ಸಣ್ಣ ಏರಿಕೆಯನ್ನು ಹಿಡಿದುಕೊಟ್ಟ ಅಳತೆಗೆ ಮನೆಯ ತೊಟ್ಟಿ ಯಾವ ಲೆಕ್ಕ? ಅಷ್ಟೇಕೆ, ಮೂರನ್ನೂ ಅಳೆಯುವ ಟ್ರೈಡೆಂಟ್ ಕೂಡ ಮಾಮೂಲಿ ವ್ಯವಸ್ಥೆಯಲ್ಲಿ ಕ್ಷಾರೀಯತೆಯನ್ನು ದಿನಕ್ಕೆ ನಾಲ್ಕು ಸಲ ನೋಡಿದರೆ ಉಳಿದೆರಡನ್ನು ನೋಡುವುದು ಎರಡೇ ಸಲ. ತಯಾರಕರಿಗೂ ಗುಟ್ಟು ಗೊತ್ತಿದೆ.

ಹಾಗಾದರೆ ಯಂತ್ರ ತೋರಿಸುವ ಅಂಕಿ ನಿಜವೇ? ಇಲ್ಲಿ ಎರಡು ಗುಣಗಳನ್ನು ಬೇರೆಬೇರೆಯಾಗಿ ನೋಡಬೇಕು. ಸದಾ ಐದು ನಿಮಿಷ ಮುಂದಿರುವ ಗೋಡೆ ಗಡಿಯಾರ ಇಟ್ಟುಕೊಂಡು ಯಾರೂ ಬಸ್ಸು ತಪ್ಪಿಸಿಕೊಳ್ಳುವುದಿಲ್ಲ; ಇವತ್ತು ಮುಂದೆ, ನಾಳೆ ಹಿಂದೆ ಓಡುವ ಗಡಿಯಾರವೇ ಕೈಕೊಡುವುದು. ತೊಟ್ಟಿಯ ನಿಜವಾದ ಕ್ಷಾರೀಯತೆ 8.2 ಇದ್ದು ಯಂತ್ರ ದಿನವೂ 8.5 ಎಂದರೆ ಹವಳಕ್ಕೆ ಏನೂ ಆಗದು. ಏರಿಳಿತ ತಿಳಿದರೆ ಸಾಕು. ಒಂದೇ ನೀರಿಗೆ ಒಮ್ಮೆ 7.8, ಇನ್ನೊಮ್ಮೆ 8.6 ಎನ್ನುವ ಯಂತ್ರ ಮಾತ್ರ ಎಷ್ಟು ಅಗ್ಗವಾದರೂ ಬೇಡ. ಇದನ್ನು ಪರೀಕ್ಷಿಸುವುದು ಸುಲಭ. ಮುಚ್ಚಳವಿರುವ ಪಾತ್ರೆಯಲ್ಲಿ ಉಪ್ಪುನೀರು ತುಂಬಿಟ್ಟು, ಅದೇ ನೀರನ್ನು ಯಂತ್ರದಿಂದ ಬೆನ್ನುಬೆನ್ನಿಗೆ ಹಲವು ಸಲ ಅಳೆಸಿ, ಅಂಕಿಗಳು ಎಷ್ಟು ಹತ್ತಿರ ನಿಲ್ಲುತ್ತವೆ ಎಂದು ನೋಡಬೇಕು. ಜಾಹೀರಾತಿನಲ್ಲಿರುವ ಸಂಖ್ಯೆಗಿಂತ ಈ ಪರೀಕ್ಷೆಯನ್ನೇ ನಾನು ನಂಬುತ್ತೇನೆ. ವಾರಕ್ಕೊಮ್ಮೆ ಮಾಡುವ ಕೈಪರೀಕ್ಷೆ ಸೋಲುವುದೂ ಇಲ್ಲೇ. ಕೆಲವು ಅಗ್ಗದ ಕಿಟ್ಟುಗಳಲ್ಲಿ ಒಂದು ಹನಿಯೆಂದರೆ ಇಡೀ 1 ಡಿಕೆಎಚ್.

ಯಂತ್ರದ ಒಳಗೆ ನಡೆಯುವುದು ಕಾಲೇಜಿನ ಪ್ರಯೋಗಾಲಯದ ಟೈಟ್ರೇಷನ್ನೇ. ಅಳೆದ ನೀರಿಗೆ ಹನಿಹನಿಯಾಗಿ ಆಮ್ಲ ಬಿಡುತ್ತಾ, ಪಿಎಚ್ ಸುಮಾರು 4.5ಕ್ಕೆ ಇಳಿಯುವವರೆಗೆ ಎಷ್ಟು ಆಮ್ಲ ಹಿಡಿಯಿತು ಎಂದು ಎಣಿಸುತ್ತದೆ. ಆ ಕೊನೆಯ ಬಿಂದುವನ್ನು ಕೆಲವು ಯಂತ್ರಗಳು ಪಿಎಚ್ ಕಡ್ಡಿಯಿಂದ, ಕೆಲವು ಬಣ್ಣದ ಬದಲಾವಣೆಯಿಂದ ಗುರುತಿಸುತ್ತವೆ. ಕಡ್ಡಿಯನ್ನು ಆಗಾಗ ಬಫರ್ ದ್ರಾವಣದಲ್ಲಿ ಸರಿಪಡಿಸಬೇಕು, ಒಣಗಲು ಬಿಡಬಾರದು. ಬಣ್ಣ ನೋಡುವ ಯಂತ್ರದ ಗಾಜು ಕೊಳೆಯಾಗಬಾರದು, ಗುಳ್ಳೆ ಕೂರಬಾರದು. ಯಾವುದೇ ಆದರೂ ನೀರು, ಆಮ್ಲ ಎರಡನ್ನೂ ತಳ್ಳುವುದು ಸಾಮಾನ್ಯವಾಗಿ ರಬ್ಬರಿನಂಥ ಕೊಳವೆಯನ್ನು ಹಿಚುಕುವ ಪಂಪು. ಆ ಕೊಳವೆ ಸವೆಯುತ್ತದೆ. ಹಾಗಾಗಿ ಕೊಳವೆಯ ಬಿಡಿಭಾಗ ಸಿಗುತ್ತದೆಯೇ, ಅದನ್ನು ನಾವೇ ಬದಲಿಸಬಹುದೇ ಎಂಬ ಪ್ರಶ್ನೆ ಮೊಬೈಲ್ ಆ್ಯಪಿನ ಅಂದಕ್ಕಿಂತ ಮುಖ್ಯ. ಮೆಗ್ನೀಸಿಯಂ ಕಥೆ ಇನ್ನೂ ಪೇಚಿನದು. ಟೈಟ್ರೇಷನ್ನಿನಲ್ಲಿ ಅದನ್ನು ಸಾಮಾನ್ಯವಾಗಿ ಕ್ಯಾಲ್ಸಿಯಂ ಜೊತೆಗೂಡಿಸಿ ಅಳೆದು, ಆಮೇಲೆ ಕ್ಯಾಲ್ಸಿಯಂ ಕಳೆದು ತೆಗೆಯುತ್ತಾರೆ; ಎರಡು ಅಳತೆಗಳ ತಪ್ಪೂ ಒಂದರಲ್ಲೇ ಸೇರುತ್ತದೆ. ಕಡಲಿನಲ್ಲಿ 1300 ಪಿಪಿಎಂ ಆಸುಪಾಸು ಇದ್ದು ನಿಧಾನವಾಗಿ ಇಳಿಯುವ ಅದನ್ನು ದಿನವೂ ನೋಡುವ ಅಗತ್ಯವೇನು?

ಪಿಎಚ್ ಮೀಟರು ಅಗ್ಗ, ಇಪ್ಪತ್ತನಾಲ್ಕು ಗಂಟೆಯೂ ಓಡುತ್ತದೆ, ಅದೇ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಹಗಲು ಪಾಚಿ ಇಂಗಾಲದ ಡೈಆಕ್ಸೈಡ್ ಹೀರಿದರೆ ಪಿಎಚ್ ಏರುತ್ತದೆ, ರಾತ್ರಿ ಇಳಿಯುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ನಾಲ್ಕು ಜನ ಕೂತರೂ ಇಳಿಯುತ್ತದೆ. ಅಷ್ಟೆಲ್ಲ ಆದರೂ ಕ್ಷಾರೀಯತೆ ಇದ್ದಲ್ಲೇ ಇರಬಹುದು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಅಳೆದ ಯಂತ್ರವೇ ಕೊರತೆಯನ್ನೂ ತುಂಬಲಿ, ಅದಕ್ಕಾಗಿಯೇ ಅಲ್ಲವೇ ಇಷ್ಟು ಹಣ? ಆಸೆ ನ್ಯಾಯವಾದದ್ದೇ. ಆದರೆ ನೀರು ಹೀರುವ ಕೊಳವೆಗೆ ಕಸ ಸಿಕ್ಕಿಕೊಂಡರೆ ಏನಾಗುತ್ತದೆ ನೋಡಿ. ಒಳಗೆ ಬಂದ ನೀರು ಕಡಿಮೆ, ಹಿಡಿದ ಆಮ್ಲವೂ ಕಡಿಮೆ, ಯಂತ್ರ 'ಕ್ಷಾರೀಯತೆ ಕುಸಿದಿದೆ' ಎಂದು ತಿಳಿದು ಡೋಸು ಹೆಚ್ಚಿಸುತ್ತದೆ. ಚೆನ್ನಾಗಿದ್ದ ತೊಟ್ಟಿಯನ್ನು ಹೀಗೇ ಕೆಡಿಸಬಹುದು. ದಿನಕ್ಕೆ ಇಂತಿಷ್ಟಕ್ಕಿಂತ ಹೆಚ್ಚು ಸುರಿಯಬಾರದೆಂಬ ಮಿತಿಯನ್ನು ಪಂಪಿನಲ್ಲೇ ಕಟ್ಟಿಹಾಕಲು ಬಾರದಿದ್ದರೆ ಎರಡನ್ನೂ ಜೋಡಿಸದಿರುವುದೇ ಲೇಸು. ದೊಡ್ಡ ವ್ಯತ್ಯಾಸ ಕಂಡಾಗ ಮೊದಲು ಉಪ್ಪಿನಂಶ ಸರಿಯಿದೆಯೇ ನೋಡಿ, ಕೈಕಿಟ್ಟಿನಿಂದ ಒಮ್ಮೆ ತಾಳೆ ಹಾಕಿ, ಆಮೇಲೆ ಡೋಸು ಮುಟ್ಟಬೇಕು.

ನಮ್ಮ ಊರುಗಳಲ್ಲಿ ಕೊಳ್ಳುವವರಿಗೆ ಯಂತ್ರದ ಬೆಲೆಗಿಂತ ರಾಸಾಯನಿಕದ ಪೂರೈಕೆಯೇ ದೊಡ್ಡ ತಲೆನೋವು. ತಯಾರಕರ ಬಾಟಲಿಯನ್ನೇ ಬೇಡುವ ಯಂತ್ರ, ಆ ಬಾಟಲಿ ಹಡಗು ಹತ್ತದ ತಿಂಗಳು ಸುಮ್ಮನೆ ಕೂರುತ್ತದೆ. ಸಾಂದ್ರ ಆಮ್ಲವನ್ನು ತಂದು ಶುದ್ಧ ನೀರಿನಲ್ಲಿ ಬೆರೆಸಿಕೊಳ್ಳಬಹುದಾದ ಯಂತ್ರ ಇಲ್ಲಿಗೆ ಹೆಚ್ಚು ಹೊಂದುತ್ತದೆ. ಭಾರತದಲ್ಲಿ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ ಎಂಬುದನ್ನೂ ಮರೆಯುವಂತಿಲ್ಲ. ಮುರುಡೇಶ್ವರದಾಚೆಯ ನೇತ್ರಾಣಿಯಿಂದ ಒಂದು ತುಂಡು ಕಿತ್ತು ತಂದರೂ ಅಪರಾಧವೇ. ಇನ್ನು ಗಟ್ಟಿ ಗೂಡು ಕಟ್ಟದ ಮೃದು ಹವಳ, ಮೀನುಗಳಷ್ಟೇ ಇರುವ ತೊಟ್ಟಿಯಲ್ಲಿ ಕ್ಷಾರೀಯತೆ ಖರ್ಚಾಗುವುದೇ ಅತ್ಯಲ್ಪ. ಆಗಾಗ ನೀರು ಬದಲಿಸಿದರೆ ಆ ಕೊರತೆ ತುಂಬುತ್ತದೆ. ಅಂಥವರು ಒಂದು ಒಳ್ಳೆಯ ಕೈಕಿಟ್ಟು ಕೊಂಡು ಉಳಿದ ಹಣವನ್ನು ಶುದ್ಧ ನೀರಿನ ಫಿಲ್ಟರಿಗೆ ಹಾಕಲಿ.